ಬೆಳಿಗ್ಗೆ ಸ್ಟಾರ್ಟ್ ಆಗದ ಹಳೇ ಟ್ರ್ಯಾಕ್ಟರ್: ಪಂಪ್ ಬಿಚ್ಚುವ ಮೊದಲು ಹೊಗೆ ನೋಡಿ

ಮೃಗಶಿರ ಮಳೆ ಬಿದ್ದು ಎರಡು ದಿನ ಹೊಳವಾದರೆ ಸಾಕು, ನಮ್ಮ ಹಾವೇರಿ ಕಡೆ ಹೊಲಕ್ಕೆ ಹದ ಬರುತ್ತದೆ. ಆ ಹದ ಯಾರಿಗೂ ಕಾಯುವುದಿಲ್ಲ. ಅಂಥ ದಿನವೇ ಟ್ರ್ಯಾಕ್ಟರ್ ಕೈ ಕೊಟ್ಟರೆ ಹೇಗಿರುತ್ತದೆ ಎಂಬುದು ಗಾಡಿ ಇಟ್ಟವರಿಗೆಲ್ಲ ಗೊತ್ತು. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ.

ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಮೂರು ಸಿಲಿಂಡರಿನ ಗಾಡಿ ಇದೆ. ಒಂದು ವರ್ಷ ಅದು ಹೀಗೇ ಮಾಡಿತು. ಪಂಪ್, ಅಂದರೆ ನಾಝಲ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ದೊಡ್ಡ ಪಂಪ್, ಹೋಗಿದೆ ಅಂದರು. ಬಿಚ್ಚಿ ರಿಪೇರಿಗೆ ಕಳಿಸಿದೆವು. ನಾಲ್ಕು ದಿನ ಹೋಯಿತು, ದುಡ್ಡೂ ಹೋಯಿತು. ಪಂಪ್ ಕೂರಿಸಿದ ಮೇಲೂ ಮರುದಿನ ಬೆಳಿಗ್ಗೆ ಅದೇ ಕಥೆ. ಕೊನೆಗೆ ಸಿಕ್ಕಿದ್ದು ಡೀಸೆಲ್ ಫಿಲ್ಟರಿನ ಪೈಪ್ ಸೇರುವ ಜಾಗದಲ್ಲಿ ಸವೆದ ಒಂದು ತಾಮ್ರದ ವಾಷರ್. ಅದರ ಸುತ್ತ ಬೆರಳಗಲ ಜಾಗದಲ್ಲಿ ಮಾತ್ರ ಧೂಳು ಕಪ್ಪಗೆ, ಒದ್ದೆಯಾಗಿ ಅಂಟಿಕೊಂಡಿತ್ತು. ಉಳಿದ ಕಡೆ ಧೂಳು ಒಣಗಿತ್ತು. ಅಷ್ಟು ದಿನ ಅದು ಕಣ್ಣೆದುರೇ ಇತ್ತು. ಅದಕ್ಕೇ ಈ ಲೇಖನ. ಅಗ್ಗದ, ಸುಲಭದ ಕಡೆಯಿಂದ ಹುಡುಕುತ್ತಾ ಬನ್ನಿ. ಪಂಪಿಗೆ ಕೈ ಹಾಕುವುದು ಕೊನೆಗೆ.

ಮೊದಲು ಹೊಗೆ

ಡೀಸೆಲ್ ಇಂಜಿನ್‌ಗೆ ಕಿಡಿ ಬೇಡ. ಪಿಸ್ಟನ್ ಗಾಳಿಯನ್ನು ಜೋರಾಗಿ ಒತ್ತುತ್ತದೆ. ಆ ಒತ್ತಡಕ್ಕೇ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ನಾಝಲ್ ಡೀಸೆಲ್ ಚಿಮ್ಮಿಸಿದಾಗ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಬೇಕಾದದ್ದು ಮೂರು: ಜೋರಾಗಿ ತಿರುಗಬೇಕು, ಡೀಸೆಲ್ ಬರಬೇಕು, ಗಾಳಿ ಸರಿಯಾಗಿ ಒತ್ತಬೇಕು.

ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ. ಒಂಚೂರೂ ಹೊಗೆ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬೆಳ್ಳಗೆ, ಕಣ್ಣು ಉರಿಯುವಂಥ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಇಂಜಿನ್ ನಿಧಾನ ತಿರುಗುತ್ತಿರಬಹುದು, ಚಳಿ ಇರಬಹುದು, ಕಂಪ್ರೆಶನ್ (ಗಾಳಿ ಒತ್ತುವ ಬಲ) ಕಡಿಮೆ ಆಗಿರಬಹುದು, ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ) ತಪ್ಪಿರಬಹುದು. ದಟ್ಟ ಕಪ್ಪು ಹೊಗೆ ಬಂದು ಕಷ್ಟಪಟ್ಟು ಹಿಡಿದರೆ ಏರ್ ಕ್ಲೀನರ್ ಕಟ್ಟಿದೆಯಾ ನೋಡಿ.

ಒಂದು ಸಲಕ್ಕೆ ಹತ್ತು–ಹದಿನೈದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಆಮೇಲೆ ಒಂದು ನಿಮಿಷ ಬಿಡಿ. ಹಟ ಹಿಡಿದು ಹೊಡೆಯುತ್ತಾ ಹೋದರೆ ಬ್ಯಾಟರಿಯೂ ಇಳಿಯುತ್ತದೆ, ಸೆಲ್ಫೂ ಸುಡುತ್ತದೆ.

ಸ್ಟಾಪ್ ನಾಬ್

ಹೊಗೆ ಇಲ್ಲ ಅಂದರೆ ಇದನ್ನೇ ಮೊದಲು ನೋಡಿ. ಹಳೇ ಗಾಡಿಗಳಲ್ಲಿ ಇಂಜಿನ್ ಬಂದ್ ಮಾಡಲು ಎಳೆಯುವ ನಾಬ್ ಇರುತ್ತದೆ. ಅದರ ವೈರ್ ತುಕ್ಕು ಹಿಡಿದು ಒಳಗೇ ಸಿಕ್ಕಿಕೊಳ್ಳುತ್ತದೆ. ನಾಬ್ ಒಳಗೆ ಹೋದ ಹಾಗೆ ಕಂಡರೂ ಪಂಪಿನ ಮೇಲಿನ ಲಿವರ್ ಬಂದ್ ಜಾಗದಲ್ಲೇ ನಿಂತಿರುತ್ತದೆ. ಬಾನೆಟ್ ಎತ್ತಿ ಆ ಲಿವರನ್ನು ಕೈಯಿಂದ ಸರಿಸಿ ನೋಡಿ. ಎಷ್ಟೋ ಗಾಡಿ ಇಲ್ಲೇ ಸ್ಟಾರ್ಟ್ ಆಗುತ್ತವೆ.

ಬ್ಯಾಟರಿ ಮತ್ತು ಸೆಲ್ಫ್

ಇಂಜಿನ್ ಉಸಿರು ಎಳೆದ ಹಾಗೆ ನಿಧಾನ ತಿರುಗಿದರೆ ಗಾಳಿ ಕಾಯುವುದಿಲ್ಲ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಅದರ ಜೋಡಣೆ ಸರಿಯಿಲ್ಲ. ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ತಿರುಗುವಾಗ 10ಕ್ಕಿಂತ ಕೆಳಗೆ ಬಿದ್ದರೆ ಮೊದಲು ಚಾರ್ಜ್ ಮಾಡಿಸಿ.

ಮೀಟರ್ ಇಲ್ಲದವರಿಗೂ ಒಂದು ಉಪಾಯ ಇದೆ. ಸೆಲ್ಫ್ ಹೊಡೆದ ತಕ್ಷಣ ಟರ್ಮಿನಲ್, ಅರ್ತ್ ವೈರಿನ (ಬ್ಯಾಟರಿಯಿಂದ ಗಾಡಿಯ ಮೈಗೆ ಬರುವ ವೈರ್) ಬೋಲ್ಟ್, ಸೆಲ್ಫ್ ಮೇಲಿನ ಬೋಲ್ಟ್ ಒಂದೊಂದಾಗಿ ಹುಷಾರಾಗಿ ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅಲ್ಲಿ ಕರೆಂಟ್ ತಡೆಯುತ್ತಿದೆ. ಹಳೇ ಗಾಡಿಯಲ್ಲಿ ಹೆಚ್ಚಾಗಿ ಅದು ಅರ್ತ್. ಬಿಚ್ಚುವಾಗ ಮೊದಲು ಅರ್ತ್ ವೈರ್ ತೆಗೆಯಿರಿ, ಹಾಕುವಾಗ ಕೊನೆಗೆ ಹಾಕಿ. ಟರ್ಮಿನಲ್ ಮೇಲಿನ ಬೂಸ್ಟನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆಯಿರಿ. ವೈರ್ ಕೂರುವ ಲೋಹವನ್ನು ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ. ಚಾರ್ಜ್ ಆಗುವ ಬ್ಯಾಟರಿ ಹತ್ತಿರ ಬೀಡಿ ಬೇಡ. ಅದರಿಂದ ಬರುವ ಗ್ಯಾಸ್ ಸಿಡಿಯುತ್ತದೆ.

ಕ್ಲಚ್ ಒತ್ತಿಯೇ ಸೆಲ್ಫ್ ಹೊಡೆಯಿರಿ. ಚಳಿಗೆ ಗೇರ್‌ಬಾಕ್ಸಿನ ಆಯಿಲ್ ಗಟ್ಟಿಯಾಗಿರುತ್ತದೆ. ಕ್ಲಚ್ ಒತ್ತಿದರೆ ಸೆಲ್ಫಿಗೆ ಆ ಭಾರ ಇರುವುದಿಲ್ಲ.

ಇಲ್ಲೊಂದು ಮಾತು ಜೋರಾಗಿಯೇ ಹೇಳಬೇಕು. ಕೀ ಕೆಲಸ ಮಾಡದಿದ್ದರೆ ಕೆಳಗೆ ನಿಂತು, ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಗಾಡಿ ಗೇರಿನಲ್ಲಿದ್ದರೆ ಹಿಡಿದ ಕೂಡಲೇ ಮುಂದೆ ಹೋಗುತ್ತದೆ. ನೀವು ನಿಂತಿರುವುದು ದೊಡ್ಡ ಗಾಲಿಯ ದಾರಿಯಲ್ಲೇ. ದಯವಿಟ್ಟು ಯಾವತ್ತೂ ಮಾಡಬೇಡಿ. ಕೀ ಸ್ವಿಚ್ ಬದಲಿಸಿ, ಸೀಟಿನ ಮೇಲೆ ಕೂತೇ ಸ್ಟಾರ್ಟ್ ಮಾಡಿ.

ಡೀಸೆಲ್ ದಾರಿ

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಹೊಗೆ ಮಾತ್ರ ಇಲ್ಲ ಅಂದರೆ ಟ್ಯಾಂಕಿನಿಂದ ಶುರು ಮಾಡಿ. ಕಾಕ್ ತೆರೆದಿದೆಯಾ? ಮುಚ್ಚಳದ ಗಾಳಿ ರಂಧ್ರ ಮಣ್ಣು ಕಟ್ಟಿಕೊಂಡಿದೆಯಾ? ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ನಿಂತು ಹೋಗುವ ಗಾಡಿಯ ಮುಚ್ಚಳ ತೆರೆದಾಗ ‘ಸುಯ್’ ಅಂತ ಗಾಳಿ ಎಳೆದರೆ ತೊಂದರೆ ಅದೇ. ಫಿಲ್ಟರಿನ ಕೆಳಗಿನ ಬೌಲ್ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಸುರಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ರಾತ್ರಿ ಟ್ಯಾಂಕ್ ಖಾಲಿ ಬಿಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಅದಕ್ಕೇ ಸಂಜೆ ಡೀಸೆಲ್ ತುಂಬಿಸಿ ಇಡುವುದು ಒಳ್ಳೆಯದು.

ಆಮೇಲೆ ಪೈಪಿನ ಪ್ರತಿ ಜೋಡಣೆ ನೋಡಿ. ಒದ್ದೆ ಧೂಳು ಇರುವ ಜಾಗ ಅನುಮಾನದ ಜಾಗ. ಇಂಜಿನ್ ಓಡುವಾಗ ಅಲ್ಲಿ ಡೀಸೆಲ್ ಜಿನುಗುತ್ತದೆ, ನಿಂತಾಗ ಗಾಳಿ ಒಳಗೆ ಹೋಗುತ್ತದೆ. ಸಂಜೆ ಸರಿಯಿದ್ದ ಗಾಡಿ ಬೆಳಿಗ್ಗೆ ಏರ್ ಹಿಡಿಯುವುದು ಹೀಗೆ. ಟ್ಯಾಂಕಿನಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದು ಫಿಲ್ಟರಿಗೆ ಕಳಿಸುವ ಚಿಕ್ಕ ಪಂಪ್) ಬರುವ ರಬ್ಬರ್ ಪೈಪ್ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಬಿರುಕು ಕಾಣದೆಯೂ ಅನುಮಾನ ಇದ್ದರೆ ಅಲ್ಲಿ ಸ್ವಲ್ಪ ಹೊತ್ತಿಗೆ ಪಾರದರ್ಶಕ ಪೈಪ್ ಹಾಕಿ. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಬಿಚ್ಚಿದ ತಾಮ್ರದ ವಾಷರನ್ನು ಮತ್ತೆ ಹಾಕಬೇಡಿ, ಹೊಸದೇ ಹಾಕಿ.

ಏರ್ ತೆಗೆಯುವುದು

ಸೋರಿಕೆ ನಿಲ್ಲಿಸಿದ ಮೇಲೆ ಒಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕಬೇಕು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಇರಲಿ. ಫಿಲ್ಟರ್ ಮೇಲಿನ ಧೂಳನ್ನು ಚೆನ್ನಾಗಿ ಒರೆಸಿ. ಒಂದು ಕಣ ಮಣ್ಣು ಒಳಗೆ ಹೋದರೂ ನಾಝಲ್ ಹಾಳು.

ಮೊದಲ ಫಿಲ್ಟರಿನ ತಲೆಯ ಮೇಲಿರುವ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಹೋಗಿ. ಮೊದಲು ಬಿಳಿ ನೊರೆ ಬರುತ್ತದೆ. ಆಮೇಲೆ ಬಿಟ್ಟು ಬಿಟ್ಟು ಗುಳ್ಳೆ. ಗುಳ್ಳೆ ನಿಂತು ಒಂದೇ ಸಮ ಧಾರೆ ಬರುವಾಗಲೇ, ಕೈಪಂಪ್ ಬಿಡದೆ, ಸ್ಕ್ರೂ ಬಿಗಿ ಮಾಡಿ. ಎರಡನೇ ಫಿಲ್ಟರಿಗೂ ಹಾಗೇ. ಕೊನೆಗೆ ದೊಡ್ಡ ಪಂಪಿನ ಸ್ಕ್ರೂ. ಈ ಕ್ರಮ ತಪ್ಪಿಸಬೇಡಿ, ಗಾಳಿಯನ್ನು ಟ್ಯಾಂಕಿನ ಕಡೆಯಿಂದ ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಕೈ ಲಿವರ್ ಇರುವ ಫೀಡ್ ಪಂಪಿನಲ್ಲಿ ಕೆಲವು ಸಲ ಲಿವರಿಗೆ ಬಿಗಿಯೇ ಸಿಗುವುದಿಲ್ಲ. ಪಂಪ್ ಕೆಟ್ಟಿಲ್ಲ. ಅದರ ತೋಳು ಒಳಗಿನ ಕ್ಯಾಮಿನ ಉಬ್ಬಿನ ಮೇಲೆ ನಿಂತಿರುತ್ತದೆ. ಇಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ.

ಇಷ್ಟಕ್ಕೂ ಹಿಡಿಯದಿದ್ದರೆ ನಾಝಲ್ ತುದಿಯ ಪೈಪ್ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ನಟ್ ಸುತ್ತ ಡೀಸೆಲ್ ಪುಟಿಯುತ್ತಿದ್ದಂತೆ ಬಿಗಿ ಮಾಡಿ. ಆಗ ಕೈ ದೂರ ಇರಲಿ. ಆ ಪೈಪಿನಲ್ಲಿ ಒತ್ತಡ ಎಷ್ಟಿರುತ್ತದೆ ಅಂದರೆ ಸಣ್ಣ ಎಳೆಯಂಥ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಇರುವುದಿಲ್ಲ. ಆದರೆ ಬೆರಳೇ ಹೋಗಬಹುದು. ಹಾಗಾದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಎಂದೇ ಹೇಳಿ.

ಬಿಳಿ ಹೊಗೆ, ಕಪ್ಪು ಹೊಗೆ

ಮಾಗಿ ಚಳಿಯಲ್ಲಿ ಬಿಳಿ ಹೊಗೆ ಬಂದರೆ ಹೀಟರ್ ನೋಡಿ. ಹಳೇ ಗಾಡಿಗಳಲ್ಲಿ ಕೆಲವಕ್ಕೆ ಗಾಳಿ ಹೋಗುವ ದಾರಿಯಲ್ಲಿ ಹೀಟರ್ ಇರುತ್ತದೆ. ಎಷ್ಟೋ ಗಾಡಿಯಲ್ಲಿ ಅದರ ವೈರ್ ಯಾವಾಗಲೋ ಕಿತ್ತು ಹೋಗಿರುತ್ತದೆ.

ಏರ್ ಕ್ಲೀನರ್ ಆಯಿಲ್ ಬಾತ್ ಮಾದರಿಯದಾದರೆ ಕೆಳಗಿನ ಬಟ್ಟಲು ಬಿಚ್ಚಿ. ತಳದಲ್ಲಿ ಮಣ್ಣು ಕೆಸರಾಗಿ ಕೂತಿದ್ದರೆ ಡೀಸೆಲಿನಲ್ಲಿ ತೊಳೆದು, ಹೊಸ ಆಯಿಲನ್ನು ಗೆರೆ ತನಕ ಮಾತ್ರ ಹಾಕಿ. ಜಾಸ್ತಿ ಹಾಕಿದರೆ ಇಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರ್ ಬಾಯಿಗೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡ. ಹೊತ್ತಿಕೊಳ್ಳಬಾರದ ಸಮಯಕ್ಕೆ ಹೊತ್ತಿಕೊಂಡು ಪಿಸ್ಟನ್, ರಿಂಗ್ ಒಡೆಯುತ್ತವೆ. ಹೀಟರ್ ಇರುವ ಗಾಡಿಯಲ್ಲಿ ಬೆಂಕಿಯೇ ಹಿಡಿಯಬಹುದು.

ಮೆಕ್ಯಾನಿಕ್ ಹತ್ತಿರ ಹೋಗುವಾಗ

ಬಿಸಿಯಾದ ಮೇಲೆ ಅರ್ಧ ಸುತ್ತಿಗೇ ಹಿಡಿಯುತ್ತದೆ, ತಣ್ಣಗಿದ್ದಾಗ ಮಾತ್ರ ಹಟ, ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಗಾಳಿ ಹೊರಬರುವ ಪೈಪ್) ಹೊಗೆ ಬುಸುಗುಡುತ್ತದೆ, ಇಂಜಿನ್ ಆಯಿಲ್ ಕಡಿಮೆಯಾಗುತ್ತದೆ. ಇವೆಲ್ಲ ಒಟ್ಟಿಗೆ ಇದ್ದರೆ ರಿಂಗ್, ಲೈನರ್ ಸವೆದಿರಬಹುದು. ಇದು ಮನೆ ಅಂಗಳದ ಕೆಲಸ ಅಲ್ಲ. ಆದರೂ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ನೋಡಿಸಿ. ವಾಲ್ವ್ ಪೂರ್ತಿ ಮುಚ್ಚದಿದ್ದರೂ ಕಂಪ್ರೆಶನ್ ಹೋಗುತ್ತದೆ, ಅದರ ಖರ್ಚು ತೀರಾ ಕಡಿಮೆ.

ಪಂಪಿಗಿಂತ ಮೊದಲು ನಾಝಲ್ ಬಿಚ್ಚಿಸಿ ಪ್ರೆಶರ್ ಚೆಕ್ ಮಾಡಿಸಿ. ಡೀಸೆಲ್ ಮಂಜಿನ ಹಾಗೆ ಹರಡಬೇಕು. ತೊಟ್ಟಿಕ್ಕಿದರೆ ನಾಝಲ್ ಹೋಗಿದೆ. ಅವನ್ನು ವಾಪಸ್ ಹಾಕುವಾಗಲೂ ಕೆಳಗಿನ ವಾಷರ್ ಹೊಸದಿರಲಿ. ಕೊನೆಗೆ ಉಳಿಯುವುದು ಪಂಪ್. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿದೆ, ಆದರೂ ನಮ್ಮ ಕಡೆ ಇದಕ್ಕೆ ಈಗಲೂ ಮೈಕೋ ಪಂಪ್ ಅಂತಲೇ ಹೆಸರು. ಅದನ್ನು ಟೆಸ್ಟ್ ಬೆಂಚ್ ಇರುವ ಅಂಗಡಿಯಲ್ಲೇ ಬಿಚ್ಚಿಸಿ. ಕಳಚುವ ಮೊದಲು ಪಂಪ್ ಇಂಜಿನ್‌ಗೆ ಕೂರುವ ಜಾಗದಲ್ಲಿ ಎರಡಕ್ಕೂ ತಾಗುವಂತೆ ಚೂಪಾದ ಮೊಳೆಯಿಂದ ಒಂದು ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕೂರಿಸುವಾಗ ಆ ಗೆರೆ ಕೂಡದಿದ್ದರೆ ಟೈಮಿಂಗ್ ತಪ್ಪುತ್ತದೆ, ಬಿಳಿ ಹೊಗೆ ಮತ್ತೆ ಶುರುವಾಗುತ್ತದೆ.