ಮನೆಯ ವಿಡಿಯೋ, ಅಪ್ಪನ ಸಂಗೀತ: ಟಿವಿಗೆ ಯಾವ ಪ್ಲೇಯರ್ ತರಬೇಕು?

ಮೀಡಿಯಾ ಪ್ಲೇಯರ್ (ಟಿವಿಯಲ್ಲಿ ನಮ್ಮ ವಿಡಿಯೋ, ಸಂಗೀತ ಆಡಿಸುವ ಡಬ್ಬಿ ಅಥವಾ ಆ್ಯಪ್) ಯಾವುದು ತಗೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಏನೇನಿದೆ? ಮನೆಯಲ್ಲಿ ರಿಮೋಟ್ ಜಾಸ್ತಿ ಹೊತ್ತು ಯಾರ ಕೈಯಲ್ಲಿರುತ್ತದೆ? ಇವೆರಡಕ್ಕೆ ಉತ್ತರ ಸಿಗುವ ತನಕ ಡಬ್ಬಿಗಳ ಹೆಸರು, ಬೆಲೆ, ರಿವ್ಯೂ ಯಾವುದೂ ಬೇಡ. ಒಟಿಟಿ ನೋಡೋಕೆ ಅಂಗಡಿಯಲ್ಲಿ ಸಿಗುವ, ಟಿವಿಗೆ ಸಿಕ್ಕಿಸುವ ಎಲ್ಲ ಸ್ಟಿಕ್ಕೂ ಸಾಕು. ನಮ್ಮದೇ ಮದುವೆ ವಿಡಿಯೋ, ನಮ್ಮದೇ ಕ್ಯಾಸೆಟ್ ಸಂಗೀತ ಹಾಕಿದಾಗಲೇ ಅವುಗಳ ಬಂಡವಾಳ ಬಯಲಾಗೋದು.

ಧಾರವಾಡದ ನಮ್ಮ ಮನೆಯ ಡಿಸ್ಕ್‌ನಲ್ಲಿ ಏನಿದೆ ಅಂತ ಹೇಳುತ್ತೇನೆ, ನಿಮ್ಮದೂ ಹೆಚ್ಚು ಕಡಿಮೆ ಹೀಗೇ ಇರಬಹುದು. ಅಕ್ಕನ ಮದುವೆಯ ವಿಎಚ್‌ಎಸ್ ಕ್ಯಾಸೆಟ್‌ನಿಂದ ಮಾಡಿಸಿದ ಡಿವಿಡಿ. ಮಕ್ಕಳು ಚಿಕ್ಕವರಿದ್ದಾಗ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದದ್ದು. ಆಮೇಲಿನ ಫೋನ್ ವಿಡಿಯೋಗಳು. ಒಂದಷ್ಟು ಸಿನಿಮಾ. ಇವೆಲ್ಲಕ್ಕಿಂತ ಮೇಲೆ, ನಮ್ಮಪ್ಪ ಧಾರವಾಡ ಆಕಾಶವಾಣಿಯಿಂದ ವರ್ಷಗಟ್ಟಲೆ ಟೇಪ್ ಮಾಡಿಕೊಂಡ ಹಿಂದೂಸ್ತಾನಿ ಸಂಗೀತ, ಈಗ ಗುಣಮಟ್ಟ ಕಳೆಯದೆ ಉಳಿಸಿಡುವ ಫ್ಲ್ಯಾಕ್ ಫೈಲ್‌ಗಳಾಗಿ. ರಿಮೋಟ್ ಇರೋದು ಅವ್ವನ ಕೈಯಲ್ಲಿ. ಹಾಗಾಗಿ ಅವ್ವನಿಗೆ ಮೂರು ಸಲ ಬಟನ್ ಒತ್ತಿದರೆ ಬೇಕಾದ್ದು ಸಿಗಬೇಕು ಅನ್ನೋದು ನಮ್ಮ ಮನೆಯ ಮೊದಲ ಷರತ್ತು.

ಮೊದಲ ಕೆಲಸ, ನಿಮ್ಮ ಡಿಸ್ಕ್‌ನಲ್ಲಿರುವ ಅತಿ ಕಷ್ಟದ ಐದು ಫೈಲ್ ಆರಿಸಿ ಬೇರೆ ಇಡಿ. ಸುಮ್ನೆ ಯಾವುದೋ ಐದಲ್ಲ, ಒಂದೊಂದೂ ಒಂದೊಂದು ಥರದ್ದಿರಬೇಕು: ಹಳೇ ಡಿವಿಡಿಯದ್ದು ಒಂದು, ಹೊಸ ಫೋನಿನ 4ಕೆ ವಿಡಿಯೋ ಒಂದು, ಡಿಟಿಎಸ್ (ಸರೌಂಡ್ ಧ್ವನಿಯ ಒಂದು ಬಗೆ) ಆಡಿಯೋ ಇರುವ ಸಿನಿಮಾ ಒಂದು, ಕನ್ನಡ ಸಬ್‌ಟೈಟಲ್ ಇರೋದು ಒಂದು, ಟ್ರ್ಯಾಕ್ ಟ್ರ್ಯಾಕ್ ಆಗಿ ಒಡೆದಿಟ್ಟ ಒಂದು ಸಂಗೀತ ಕಛೇರಿ. ಫೈಲ್ ಯಾವ ಜಾತಿಯದ್ದು ಅಂತ ಗೊತ್ತಾಗದಿದ್ದರೆ ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನೋ ಉಚಿತ ಪ್ಲೇಯರ್‌ನಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿ. ಕೋಡೆಕ್ (ವಿಡಿಯೋ, ಆಡಿಯೋ ಕುಗ್ಗಿಸಿಡುವ ವಿಧಾನ) ಹೆಸರು, ಸೈಜ್, ಫ್ರೇಮ್ ರೇಟ್ ಎಲ್ಲ ಕಾಣುತ್ತದೆ. ಈ ಐದು ಫೈಲ್ ಆಡಿಸದ ಡಬ್ಬಿ ಎಷ್ಟೇ ಅಗ್ಗವಾದರೂ ನಿಮಗೆ ದುಬಾರಿ.

ಈಗ ಒಂದೊಂದರಲ್ಲಿ ಏನು ನೋಡಬೇಕು ಅಂತ ಹೇಳುತ್ತೇನೆ.

ಹಳೇ ಮದುವೆ ಡಿವಿಡಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಡಬ್ಬಿ ಮಾರುವವರು ಇದನ್ನು ಹೇಳೋದೇ ಇಲ್ಲ. ನಮ್ಮ ದೇಶದಲ್ಲಿ ಆಗ ಇದ್ದದ್ದು ಪಾಲ್ ಅನ್ನೋ ಟಿವಿ ಪದ್ಧತಿ. ಚಿತ್ರ 720x576, ಸೆಕೆಂಡಿಗೆ 25 ಫ್ರೇಮ್. ಆದರೆ ಒಂದೊಂದು ಫ್ರೇಮೂ ಎರಡು ಅರ್ಧಗಳಾಗಿ ಬರುತ್ತದೆ. ಬೆಸ ಸಾಲುಗಳು ಒಮ್ಮೆ, ಸಮ ಸಾಲುಗಳು ಇನ್ನೊಮ್ಮೆ. ಇದೇ ಇಂಟರ್‌ಲೇಸ್. ಹಳೇ ಡಬ್ಬಾ ಟಿವಿಗೆ ಅದು ಸಹಜವಾಗಿತ್ತು. ಈಗಿನ ಪರದೆಗೆ ಎರಡೂ ಅರ್ಧ ಕೂಡಿಸಿ ಪೂರ್ತಿ ಚಿತ್ರ ಮಾಡಿಕೊಡಬೇಕು. ಆ ಕೆಲಸ ಆಗದಿದ್ದರೆ ಯಾರಾದರೂ ಅಲ್ಲಾಡಿದ ತಕ್ಷಣ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಏಳುತ್ತವೆ. ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕುವ ದೃಶ್ಯದಲ್ಲೇ ನಾನು ಇದನ್ನು ಪರೀಕ್ಷೆ ಮಾಡೋದು. ಹತ್ತಾರು ಕೈ ಒಟ್ಟಿಗೆ ಮೇಲೇಳುತ್ತವೆ, ಅಕ್ಕಿಕಾಳು ಗಾಳಿಯಲ್ಲಿ ಹಾರುತ್ತದೆ, ಹಿಂದೆ ಯಾರೋ ಜರಿ ಸೀರೆಯಲ್ಲಿ ಓಡಾಡುತ್ತಾರೆ. ಸರಿಯಾದ ಪ್ಲೇಯರ್‌ನಲ್ಲಿ ಕೈಯ ಬೆರಳು ಬಿಡಿಬಿಡಿಯಾಗಿ ಕಾಣುತ್ತವೆ. ಇಲ್ಲದಿದ್ದರೆ ಬರೀ ಗೆರೆ. ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಅಂತ ಆಯ್ಕೆ ಇದೆ, ಅದರಲ್ಲಿ ಯಾಡಿಫ್ 2ಎಕ್ಸ್ ಹಾಕಿದರೆ ಸೆಕೆಂಡಿಗೆ 50 ಚಿತ್ರ ಸಿಕ್ಕು ಚಲನೆ ನುಣುಪಾಗುತ್ತದೆ. ಕೋಡಿ ಅನ್ನೋ ಇನ್ನೊಂದು ಉಚಿತ ಪ್ಲೇಯರ್‌ನಲ್ಲೂ ವಿಡಿಯೋ ಸೆಟ್ಟಿಂಗ್ ಒಳಗೆ ಇಂಥದ್ದೇ ಆಯ್ಕೆ ಇದೆ. ಟಿವಿಯಲ್ಲೇ ಬರುವ ಪ್ಲೇಯರ್‌ನಲ್ಲಿ ಇಂಥ ಹಿಡಿತ ಸಿಗೋದು ಅಪರೂಪ.

ಅಂದ ಹಾಗೆ, ಡಿವಿಡಿಯ ಒಳಗೆ ಒಂದೊಂದು ಜಿಬಿಯ ತುಂಡುಗಳಾಗಿ ವಿಒಬಿ ಫೈಲ್ ಇರುತ್ತವಲ್ಲ, ಅವನ್ನು ಹಾಗೇ ಇಟ್ಟರೆ ಮಂಗಲಾಷ್ಟಕದ ನಡುವೆ ವಿಡಿಯೋ ಕಡಿದು ಹೋಗುತ್ತದೆ. ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರ್‌ನಿಂದ ಇಡೀ ಡಿವಿಡಿಯನ್ನು ಒಂದು ಎಂಕೆವಿ ಫೈಲ್ ಮಾಡಿಕೊಳ್ಳಿ. ಅದು ಚಿತ್ರವನ್ನು ಮತ್ತೆ ಕುಗ್ಗಿಸೋದಿಲ್ಲ, ಇದ್ದದ್ದನ್ನು ಇದ್ದ ಹಾಗೇ ಜೋಡಿಸುತ್ತದೆ. "ಎಚ್‌ಡಿ ಮಾಡಿಕೊಡುತ್ತೇವೆ" ಅಂತ ಯಾರಾದರೂ ಹೇಳಿದರೂ ಮೂಲ ಫೈಲ್ ಮಾತ್ರ ಅಳಿಸಬೇಡಿ. ಮಿನಿ ಡಿವಿ ಟೇಪ್ ಇನ್ನೂ ಇದ್ದರೆ ಗಂಟೆಗೆ ಸುಮಾರು 13 ಜಿಬಿ ಬೇಕು, ಆ ಲೆಕ್ಕದಲ್ಲಿ ಡಿಸ್ಕ್ ತಗೊಳ್ಳಿ.

ಹೊಸ ಫೋನ್ ವಿಡಿಯೋದ ತೊಂದರೆ ಬೇರೆ. ಐಫೋನ್‌ಗಳು 2017ರಿಂದ ಎಚ್‌ಇವಿಸಿ ಅನ್ನೋ ಕೋಡೆಕ್‌ನಲ್ಲಿ ರೆಕಾರ್ಡ್ ಮಾಡುತ್ತಿವೆ. ಆಂಡ್ರಾಯ್ಡ್ ಫೋನ್‌ಗಳಲ್ಲೂ ಅದು ಬಂದಿದೆ. ಹಳೇ ಸ್ಮಾರ್ಟ್ ಟಿವಿಗೆ ಅದು ತಿಳಿಯದೆ ಇರಬಹುದು. ಜೊತೆಗೆ ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣ ಹೆಚ್ಚು ಹಿಡಿಯುವ ಬಗೆ) ತೆಗೆದ ವಿಡಿಯೋ ಸಾಮಾನ್ಯ ಟಿವಿಯಲ್ಲಿ ಬಣ್ಣ ತೊಳೆದುಹೋದ ಹಾಗೆ ಬೆಳ್ಳಗೆ ಕಾಣುತ್ತದೆ. ಮುಖದ ಬಣ್ಣ ನೋಡಿ, ತಕ್ಷಣ ಗೊತ್ತಾಗುತ್ತದೆ.

ಡಿಟಿಎಸ್ ವಿಷಯಕ್ಕೆ ಬಂದರೆ, ಚಿತ್ರ ಚೆನ್ನಾಗಿ ಬರುತ್ತದೆ, ಧ್ವನಿ ಮಾತ್ರ ಇಲ್ಲ ಅಂತ ದೂರುವವರು ತುಂಬಾ ಜನ. ಫೈಲ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಪಾಪ. ಸ್ಯಾಮ್‌ಸಂಗ್ 2018ರ ಮಾಡೆಲ್‌ಗಳಿಂದ ಟಿವಿಯಲ್ಲಿ ಡಿಟಿಎಸ್ ತೆಗೆದುಹಾಕಿತು, ಎಲ್‌ಜಿ 2020ರಲ್ಲಿ ತೆಗೆಯಿತು, 2023ರಲ್ಲಿ ಕೆಲವು ಮಾಡೆಲ್‌ಗೆ ಮತ್ತೆ ತಂದಿತು. ವಿಎಲ್‌ಸಿ ಮತ್ತು ಕೋಡಿ ತಾವೇ ಡಿಟಿಎಸ್ ಬಿಡಿಸಿ ಮಾಮೂಲಿ ಧ್ವನಿಯಾಗಿ ಟಿವಿಗೆ ಕೊಡುತ್ತವೆ. ಆದ್ದರಿಂದ ಇದೊಂದಕ್ಕೋಸ್ಕರ ಹೊಸ ಟಿವಿ ಕೊಳ್ಳಬೇಕಿಲ್ಲ.

ಕನ್ನಡ ಸಬ್‌ಟೈಟಲ್‌ಗೆ ನನ್ನದೊಂದು ಪರೀಕ್ಷೆ ಇದೆ. ನೋಟ್‌ಪ್ಯಾಡ್‌ನಲ್ಲಿ ಒಂದು ಚಿಕ್ಕ ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲ್ ಮಾಡಿ, ಅದರಲ್ಲಿ "ಸ್ತ್ರೀ, ಕೃಷ್ಣ, ಅರ್ಥ, ಹುಬ್ಬಳ್ಳಿ" ಅಂತ ಬರೆದು ಯುಟಿಎಫ್-8 ಆಗಿ ಉಳಿಸಿ. ಪರದೆಯ ಮೇಲೆ ಒತ್ತಕ್ಷರ ಕೆಳಗೇ ಕೂತು, ಅರ್ಕಾವತ್ತು ಸರಿಯಾದ ಜಾಗದಲ್ಲಿ ಬಂದರೆ ಪ್ಲೇಯರ್ ಪಾಸು. ಬರೀ ಚೌಕ ಬಂದರೆ ಫಾಂಟ್ ಇಲ್ಲ ಅಂತ ಅರ್ಥ. ನೋಟೋ ಸ್ಯಾನ್ಸ್ ಕನ್ನಡ ಹಾಕಿ ನೋಡಿ, ಅದು ಉಚಿತ. ಅಕ್ಷರ ಒಡೆದು ಅಕ್ಕಪಕ್ಕ ನಿಂತರೆ ಆ ಆ್ಯಪ್‌ಗೆ ನಮ್ಮ ಲಿಪಿ ಜೋಡಿಸೋಕೆ ಬರೋದಿಲ್ಲ, ಬೇರೆ ನೋಡಿ. ಹಳೇ ಕಾಲದಲ್ಲಿ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಸಬ್‌ಟೈಟಲ್ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅದಕ್ಕೆ ಯಾವ ಪ್ಲೇಯರೂ ಏನೂ ಮಾಡಲಾರದು.

ಇನ್ನು ಸಾಫ್ಟ್‌ವೇರ್. ಇಲ್ಲಿ ಎರಡು ದಾರಿ. ಒಂದು, ಟಿವಿ ಪಕ್ಕದ ಡಬ್ಬಿಯೇ ಫೈಲ್ ಓದಿ ಆಡಿಸೋದು. ವಿಎಲ್‌ಸಿ, ಕೋಡಿ ಈ ಥರ. ಎರಡು, ಮನೆಯ ಒಂದು ಕಂಪ್ಯೂಟರ್ ಸರ್ವರ್ ಆಗಿ ಎಲ್ಲರಿಗೂ ಬಡಿಸೋದು. ಜೆಲ್ಲಿಫಿನ್, ಪ್ಲೆಕ್ಸ್, ಎಂಬಿ (Emby) ಈ ಥರ. ಟಿವಿ ಒಂದೇ ಇದ್ದರೆ ಮೊದಲ ದಾರಿ ಸಾಕು. ಎರಡು ಟಿವಿ, ನಾಲ್ಕು ಫೋನ್ ಇದ್ದರೆ, ಒಂದು ಕೋಣೆಯಲ್ಲಿ ಅರ್ಧ ನೋಡಿದ್ದನ್ನು ಇನ್ನೊಂದು ಕೋಣೆಯಲ್ಲಿ ಅಲ್ಲಿಂದಲೇ ನೋಡಬೇಕು ಅಂದರೆ ಸರ್ವರ್ ಬೇಕು.

ನಾನು ಜೆಲ್ಲಿಫಿನ್ ಪಕ್ಷ. 2018ರ ಡಿಸೆಂಬರ್‌ನಲ್ಲಿ, ಎಂಬಿ ತನ್ನ ಸೋರ್ಸ್ ಕೋಡ್ ಮುಚ್ಚಿದಾಗ, ಅದರಿಂದ ಕವಲೊಡೆದು ಬಂದದ್ದು ಇದು. ಪೂರ್ತಿ ಉಚಿತ. ಟಿವಿಗೆ ತಿಳಿಯದ ವಿಡಿಯೋವನ್ನು ತಿಳಿಯುವ ಥರ ಪರಿವರ್ತಿಸುವಾಗ ಕಂಪ್ಯೂಟರ್‌ನ ಗ್ರಾಫಿಕ್ಸ್ ಬಳಸೋಕೆ ಪ್ಲೆಕ್ಸ್‌ನಲ್ಲಿ ದುಡ್ಡು ಕೊಡಬೇಕು, ಇಲ್ಲಿ ಬೇಡ. 2025ರ ಏಪ್ರಿಲ್‌ನಿಂದ ಪ್ಲೆಕ್ಸ್‌ನಲ್ಲಿ ಮನೆಯ ಹೊರಗಿನಿಂದ ನಮ್ಮದೇ ವಿಡಿಯೋ ನೋಡೋಕೂ ಹಣ ಕಟ್ಟಬೇಕಾಗಿದೆ. ಆದರೆ ಪ್ಲೆಕ್ಸ್ ಹಾಕೋದು ಸುಲಭ, ಟಿವಿಗಳಲ್ಲಿ ಅದರ ಆ್ಯಪ್ ಸುಲಭವಾಗಿ ಸಿಗುತ್ತದೆ, ಇದನ್ನು ಒಪ್ಪಬೇಕು. ಸೆಟ್ಟಿಂಗ್ ಜೊತೆ ಗುದ್ದಾಡೋಕೆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನೇ ಹಾಕಿ.

ಜೆಲ್ಲಿಫಿನ್‌ನಲ್ಲಿ ಲೈಬ್ರರಿ ಮಾಡುವಾಗ ಒಂದು ಎಚ್ಚರ. ಮನೆಯ ವಿಡಿಯೋಗಳನ್ನು "ಮೂವೀಸ್" ಅಂತ ಸೇರಿಸಬೇಡಿ. ಅದು ಫೈಲ್ ಹೆಸರು ಹಿಡಿದು ಇಂಟರ್ನೆಟ್‌ನಲ್ಲಿ ಸಿನಿಮಾ ಹುಡುಕುತ್ತದೆ. ನಿಮ್ಮ ಮುಂಜಿ ವಿಡಿಯೋಗೆ ಯಾವುದೋ ದೇಶದ ಚಿತ್ರದ ಪೋಸ್ಟರ್ ಅಂಟಿಸಿಬಿಡುತ್ತದೆ! "ಹೋಮ್ ವಿಡಿಯೋಸ್ ಅಂಡ್ ಫೋಟೋಸ್" ಅನ್ನೋ ಬಗೆ ಆರಿಸಿ. ಫೋಲ್ಡರ್ ಹೆಸರನ್ನು ಇಸವಿಯಿಂದ ಶುರು ಮಾಡಿ, ಆಮೇಲೆ ಕನ್ನಡದಲ್ಲೇ ಬರೆಯಿರಿ. "1994-05 ಅಕ್ಕನ ಮದುವೆ" ಅಂತ. ಕಾಲಕ್ರಮದಲ್ಲಿ ತಾನಾಗೇ ಜೋಡಿಸಿಕೊಳ್ಳುತ್ತದೆ. ಒಂದೊಂದಕ್ಕೂ ಆ ಸಮಾರಂಭದ್ದೇ ಒಂದು ಫೋಟೋ ಹಾಕಿ. ಅವ್ವ ಹೆಸರು ಓದೋದಿಲ್ಲ, ಮುಖ ನೋಡಿ ಒತ್ತುತ್ತಾರೆ. ಅಕ್ಕನ ಬಾಸಿಂಗ ಕಟ್ಟಿದ ಮುಖ ಕಂಡರೆ ಅದೇ ಮದುವೆ, ಇನ್ನೇನು ಬೇಕು?

ಸರ್ವರ್‌ಗೆ ಹೊಸ ಕಂಪ್ಯೂಟರ್ ಬೇಕಿಲ್ಲ. ಆಫೀಸುಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಸಾಕು. ಇಂಟೆಲ್ ಆದರೆ 7ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ತಗೊಳ್ಳಿ. ಅಲ್ಲಿಂದ ಈಚೆಗೆ 10-ಬಿಟ್ ಎಚ್‌ಇವಿಸಿಯನ್ನು ಚಿಪ್ಪೇ ನಿಭಾಯಿಸುತ್ತದೆ, ಫ್ಯಾನ್ ಕಿರುಚೋದಿಲ್ಲ. ಕರೆಂಟ್ ಹೋಗಿ ಬರುವ ಊರಾದರೆ ಅದಕ್ಕೂ ರೂಟರ್‌ಗೂ ಯುಪಿಎಸ್ ಕಡ್ಡಾಯ. ಬರೆಯುತ್ತಿರುವ ಡಿಸ್ಕ್‌ಗೆ ದಿಢೀರನೆ ಕರೆಂಟ್ ಹೋದರೆ ಫೈಲ್ ಕೆಡುವ ಅಪಾಯ ಇದ್ದೇ ಇದೆ.

ಟಿವಿ ಪಕ್ಕದ ಡಬ್ಬಿಗೆ ಬರೋಣ. ಅಮೆಜಾನ್ ಫೈರ್ ಟಿವಿ ಸ್ಟಿಕ್ ಸುಲಭವಾಗಿ ಸಿಗುತ್ತದೆ, ಜೆಲ್ಲಿಫಿನ್ ಆ್ಯಪ್ ಇದೆ. ಆದರೆ ಕೊಳ್ಳುವ ಮೊದಲು ಮಾಡೆಲ್ ನೋಡಿ. 2025ರಲ್ಲಿ ಬಂದ 4ಕೆ ಸೆಲೆಕ್ಟ್ ನಡೆಯೋದು ಆಂಡ್ರಾಯ್ಡ್ ಮೇಲಲ್ಲ, ವೆಗಾ ಅನ್ನೋ ಬೇರೆ ಓಎಸ್ ಮೇಲೆ. ಕೋಡಿಯಂಥ ಆ್ಯಪ್ ಹೊರಗಿನಿಂದ ತಂದು ಹಾಕೋಕೆ ಅದರಲ್ಲಿ ಆಗೋದಿಲ್ಲ. ಗೂಗಲ್ ಟಿವಿ ಇರುವ ಡಬ್ಬಿ ಅಥವಾ ಟಿವಿ ಆದರೆ ಪ್ಲೇ ಸ್ಟೋರ್‌ನಲ್ಲೇ ಕೋಡಿ, ವಿಎಲ್‌ಸಿ, ಜೆಲ್ಲಿಫಿನ್ ಮೂರೂ ಸಿಗುತ್ತವೆ. ಸಾಮಾನ್ಯ ಮನೆಗೆ ನಾನು ಹೇಳೋದು ಇದನ್ನೇ. ಕೈಯಾರೆ ಮಾಡುವ ಆಸೆ ಇದ್ದವರಿಗೆ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಲಿಬ್ರೆಲೆಕ್ ಅನ್ನೋ ಸಾಫ್ಟ್‌ವೇರ್ ಹಾಕಿದರೆ ಅದು ಪೂರ್ತಿ ಕೋಡಿ ಯಂತ್ರವೇ ಆಗುತ್ತದೆ. ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಯ ರಿಮೋಟೇ ಅದಕ್ಕೂ ಕೆಲಸ ಮಾಡುತ್ತದೆ, ಇನ್ನೊಂದು ರಿಮೋಟ್ ಬೇಕಿಲ್ಲ. ಅವ್ವನಂಥವರಿಗೆ ಇದು ದೊಡ್ಡ ಅನುಕೂಲ.

ವೈಫೈ ಆದರೆ 5 ಗಿಗಾಹರ್ಟ್ಸ್‌ನಲ್ಲಿ ಜೋಡಿಸಿ. ಗೋಡೆ ದಪ್ಪ ಇರುವ ಹಳೇ ಮನೆಯಾದರೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ.

ಸಂಗೀತಕ್ಕೆ ಈಗ ಬರುತ್ತೇನೆ. ಇದನ್ನು ವಿಡಿಯೋ ಡಬ್ಬಿಗೇ ಗಂಟುಹಾಕಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಒಂದು ಭೈರವ ರಾಗ ಕೇಳೋಕೆ ಟಿವಿ ಹಚ್ಚಬೇಕಾ? ಸರ್ವರ್ ಮೇಲೆ ನ್ಯಾವಿಡ್ರೋಮ್ ಅನ್ನೋ, ಸಂಗೀತ ಬಡಿಸುವ ಉಚಿತ ಸಾಫ್ಟ್‌ವೇರ್ ಹಾಕಿ. ಹೆಡ್‌ಫೋನ್ ತೂತಿರುವ ಹಳೇ ಫೋನ್ ಒಂದನ್ನು ವೈರ್‌ನಿಂದ ಆಂಪ್ಲಿಫೈಯರ್‌ಗೆ ಜೋಡಿಸಿ, ಅದರಲ್ಲಿ ನ್ಯಾವಿಡ್ರೋಮ್‌ಗೆ ಹೊಂದುವ ಆ್ಯಪ್ ಇಡಿ. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಆಂಪ್ಲಿಫೈಯರ್ ಇನ್ನೂ ಹೀಗೇ ನಡೆಯುತ್ತಿದೆ.

ಇಲ್ಲಿ ಪರೀಕ್ಷೆ ಮಾಡಬೇಕಾದ್ದು ಒಂದೇ: ಗ್ಯಾಪ್‌ಲೆಸ್, ಅಂದರೆ ಟ್ರ್ಯಾಕ್‌ಗಳ ನಡುವೆ ತಡೆ ಇಲ್ಲದಿರೋದು. ಒಂದೇ ರಾಗದ ವಿಲಂಬಿತ್ (ನಿಧಾನಗತಿ) ಒಂದು ಟ್ರ್ಯಾಕ್, ದ್ರುತ್ (ವೇಗದ ಗತಿ) ಇನ್ನೊಂದು ಟ್ರ್ಯಾಕ್ ಆಗಿರುತ್ತದೆ. ವಿಲಂಬಿತ್ ಮುಗಿದು ತಬಲಾ ಹೊಸ ಲಯ ಹಿಡಿಯುವ ಆ ತಿರುವಿನಲ್ಲಿ ತಂಬೂರಿಯ ಶ್ರುತಿ ಒಂದು ಕ್ಷಣವೂ ನಿಲ್ಲಬಾರದು. ಕೆಲವು ಪ್ಲೇಯರ್‌ಗಳಲ್ಲಿ ಅಲ್ಲಿ ಅರ್ಧ ಸೆಕೆಂಡ್ ಮೌನ. ಸಿನಿಮಾ ಹಾಡು ಕೇಳುವವರಿಗೆ ಅದು ಗೊತ್ತೇ ಆಗೋದಿಲ್ಲ. ಸಂಗೀತ ಕೇಳುವವರಿಗೆ ಕೂತ ಮನಸ್ಸು ಎದ್ದುಬಿಡುತ್ತದೆ. ಎರಡು ಟ್ರ್ಯಾಕಿನ ಸಂಧಿಯಲ್ಲಿ ಕಣ್ಣು ಮುಚ್ಚಿ ಕೇಳಿ, ಅಷ್ಟೇ ಪರೀಕ್ಷೆ.

ಹೆಸರುಗಳನ್ನೂ ಒಂದೇ ಥರ ಮಾಡಿಕೊಳ್ಳಿ. ಗಂಗೂಬಾಯಿ ಹಾನಗಲ್ ಹೆಸರು ಇಂಗ್ಲಿಷಿನಲ್ಲಿ ಮೂರು ಥರ ಬರೆದಿದ್ದರೆ ಪ್ಲೇಯರ್‌ನಲ್ಲಿ ಮೂವರು ಗಾಯಕಿಯರಾಗುತ್ತಾರೆ. ಎಂಪಿ3ಟ್ಯಾಗ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ನೂರಾರು ಫೈಲ್‌ಗೆ ಒಟ್ಟಿಗೆ ಹೆಸರು ಸರಿಮಾಡಬಹುದು. ಜಾನರ್ ಅನ್ನೋ ಜಾಗದಲ್ಲಿ ನಾನು ರಾಗದ ಹೆಸರು ಬರೆದಿದ್ದೇನೆ. ಮಾರ್ವಾ ಅಂತ ಒತ್ತಿದರೆ ಮನೆಯಲ್ಲಿರುವ ಎಲ್ಲರ ಮಾರ್ವಾ ಒಂದೇ ಸಾಲಿನಲ್ಲಿ ಬರುತ್ತದೆ.

ಮಸ್ಕತ್‌ನಲ್ಲಿರುವ ಅಕ್ಕನಿಗೂ ಇದೆಲ್ಲ ಸಿಗಬೇಕಿತ್ತು. ನಮ್ಮಲ್ಲಿ ಎಷ್ಟೋ ಇಂಟರ್ನೆಟ್ ಸಂಪರ್ಕಗಳಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಹಾಗಾಗಿ ಹೊರಗಿನಿಂದ ನೇರವಾಗಿ ನಮ್ಮ ಮನೆಯ ಸರ್ವರ್‌ಗೆ ಬರೋಕೆ ಆಗೋದಿಲ್ಲ. ಟೇಲ್‌ಸ್ಕೇಲ್ ಅನ್ನೋ ಸಾಫ್ಟ್‌ವೇರನ್ನು ಸರ್ವರ್‌ನಲ್ಲೂ ಅಕ್ಕನ ಫೋನಿನಲ್ಲೂ ಹಾಕಿದರೆ ಎರಡೂ ಒಂದೇ ಮನೆಯ ನೆಟ್‌ವರ್ಕ್‌ನಲ್ಲಿದ್ದ ಹಾಗೆ ಮಾತಾಡುತ್ತವೆ. ಸ್ವಂತ ಬಳಕೆಗೆ ಉಚಿತ. ಆದರೆ ಸರ್ವರ್ ಬಾಗಿಲನ್ನು ಸುಮ್ನೆ ಇಂಟರ್ನೆಟ್‌ಗೆ ತೆರೆದಿಡಬೇಡಿ. ಮನೆಯವರ ವಿಡಿಯೋ ಅದು.

ಡಬ್ಬಿ ಬಂದ ದಿನವೇ ಆ ಐದು ಫೈಲ್ ಹಾಕಿ ನೋಡಿ, ವಾಪಸ್ ಕೊಡುವ ಅವಧಿ ಮುಗಿಯುವ ತನಕ ಪೆಟ್ಟಿಗೆ, ಬಿಲ್ಲು ಎಸೆಯಬೇಡಿ. ಇಡೀ ಡಿಸ್ಕ್‌ನ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಆದಷ್ಟೂ ಬೇರೆ ಮನೆಯಲ್ಲಿ ಇರಲಿ. ನಮ್ಮದು ಹುಬ್ಬಳ್ಳಿಯಲ್ಲಿ ತಮ್ಮನ ಮನೆಯ ಕಪಾಟಿನಲ್ಲಿದೆ, ಅವನು ಹಬ್ಬಕ್ಕೆ ಬರುವಾಗ ತರುತ್ತಾನೆ, ಹೊಸದನ್ನು ಸೇರಿಸಿ ಕಳಿಸುತ್ತೇನೆ.