ಹಿಂದೆ ಒಂದು ಮಾಡು ಇಳಿಸುವ ಮೊದಲು

ನಮ್ಮ ಕುಮಟಾ ಕಡೆ ಮನೆಯಲ್ಲಿ ಜಾಗ ಸಾಲದೇ ಹೋದರೆ ಹಿಂದೆ ಒಂದು ಮಾಡು ಇಳಿಸುತ್ತಾರೆ. ನಾಲ್ಕು ಕಂಬ, ಮೇಲೆ ಹಂಚು ಇಲ್ಲವೇ ಶೀಟು, ಮುಗೀತು. ಪರವಾನಗಿ ಎಲ್ಲಿ ಅಂತ ಊರಲ್ಲಿ ಯಾರೂ ಕೇಳುವುದಿಲ್ಲ. ಬ್ಯಾಂಕಿನವರು ಕೇಳುತ್ತಾರೆ. ನನಗೆ ದೊಡ್ಡ ಅಡುಗೆಕೋಣೆ, ಒಳಗೇ ಒಂದು ಬಚ್ಚಲು, ಆಯಿಗೆ (ಅಮ್ಮನಿಗೆ) ಮೆಟ್ಟಿಲು ಹತ್ತದೆ ಹೋಗುವಂಥ ಕೋಣೆ ಬೇಕಿತ್ತು. ಅದಕ್ಕೆ ಸಾಲ, ಸಾಲಕ್ಕೆ ಪಂಚಾಯ್ತಿ ಒಪ್ಪಿದ ಪ್ಲಾನ್.

ಬ್ಯಾಂಕಿನ ಮಾತು ಬಿಡಿ, ಕಾನೂನೂ ಅದನ್ನೇ ಹೇಳುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಲ್ಲಿ ಹೊಸ ಮನೆಗೆ ಮಾತ್ರ ಅಂತಿಲ್ಲ. ಇದ್ದ ಮನೆಗೆ ಸೇರಿಸಿ ಕಟ್ಟಲಿಕ್ಕೂ ಪಂಚಾಯ್ತಿಯ ಲಿಖಿತ ಒಪ್ಪಿಗೆ ಬೇಕು. ಕಾರವಾರ, ಶಿರಸಿಯಂಥ ಪೇಟೆಯಲ್ಲಿದ್ದವರಿಗೆ ನಗರಸಭೆ, ಅಷ್ಟೇ ವ್ಯತ್ಯಾಸ.

ಎಲ್ಲರೂ ಮೊದಲು ಇಂಜಿನಿಯರ್ ಹತ್ತಿರ ಓಡುತ್ತಾರೆ. ನಾನು ಪ್ಲಾನನ್ನು ಕೊನೆಗಿಟ್ಟೆ. ಹಳೇ ಮನೆ ಕಾಗದದ ಮೇಲೆ ಇದೆಯಾ, ಭರತಿಯ ಗೆರೆ, ಅಂದರೆ ಉಬ್ಬರದ ನೀರು ಏರಿ ನಿಲ್ಲುವ ಗೆರೆ, ಎಲ್ಲಿ ಹಾದುಹೋಗುತ್ತದೆ, ಈ ಎರಡು ತಿಳಿಯದೆ ಗೆರೆ ಎಳೆಸಿದರೆ ಇಂಜಿನಿಯರ್ ಫೀ ದಂಡ.

ಮನೆಪಟ್ಟಿ ಕಟ್ಟಿದ ರಸೀದಿಗಳು ನಮ್ಮಲ್ಲಿ ಕಂತೆಗಟ್ಟಲೆ ಇದ್ದವು. ಅದು ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಹಕ್ಕಿಗಲ್ಲ. ಬೇಕಾದದ್ದು ಇ-ಸ್ವತ್ತಿನ, ಅಂದರೆ ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11ಎ. ಜಾಗ ಗಾವಠಾಣದಲ್ಲಿ (ಊರಿನ ಮನೆಗಳ ನಿವೇಶನದ ಗಡಿಯೊಳಗೆ) ಇಲ್ಲದಿದ್ದರೆ ಅದಕ್ಕೆ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿರಬೇಕು. ಇಲ್ಲದಿದ್ದರೆ ಸಿಗುವುದು 11ಬಿ, ಅದನ್ನು ಕಂಡರೆ ಬ್ಯಾಂಕಿನವರು ಫೈಲು ಮುಚ್ಚುತ್ತಾರೆ. ನಮ್ಮ ಪುಣ್ಯ, ಅಜ್ಜ ಮಾಡಿಸಿಟ್ಟ ಆದೇಶ ಪೆಟ್ಟಿಗೆಯ ತಳದಲ್ಲಿತ್ತು. ಅಂಚನ್ನು ಗೆದ್ದಲು ತಿಂದಿತ್ತು. ಸರ್ವೆ ನಂಬರು, ಕಾರವಾರ ಕಚೇರಿಯ ದುಂಡು ಸಿಕ್ಕಾ ಮಾತ್ರ ಉಳಿದಿದ್ದವು. ಆ ನಂಬರು ಹಿಡಿದು ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ.

ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ವಾರಸಾ ಮಾಡಿಸುವಾಗ ಆಯಿ, ತಂಗಿ, ಹುಬ್ಬಳ್ಳಿಯಲ್ಲಿರುವ ತಮ್ಮ, ಎಲ್ಲರ ಹೆಸರೂ ಬಂತು. ಹಾಗಾಗಿ ಕಟ್ಟಲಿಕ್ಕೆ ಎಲ್ಲರ ಒಪ್ಪಿಗೆಪತ್ರ. ತಮ್ಮ ಫೋನಲ್ಲಿ, "ಅಣ್ಣಾ, ನಾನು ಬೇಡ ಅಂದೆನಾ? ಕಟ್ಟು ಮಾರಾಯ" ಎಂದ. ಫೋನಲ್ಲಿ ಅಂದದ್ದನ್ನು ಫೈಲಿಗೆ ಹಾಕಲಿಕ್ಕೆ ಆಗುತ್ತದಾ? ಚೌತಿಗೆ ಬಂದಾಗ ಛಾಪಾ ಕಾಗದದ ಮೇಲೆ ಸಹಿ ಮಾಡಿಸಿಕೊಂಡೆ.

ಇನ್ನು ಸಿಆರ್‌ಝಡ್, ಅಂದರೆ ದಡದ ಬದಿ ಕಟ್ಟುವುದಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯ. ನಮ್ಮ ಮನೆ ಅಘನಾಶಿನಿ ಹಿನ್ನೀರಿನ ಬದಿ. ಹಿತ್ತಲು ದಾಟಿದರೆ ಗಜನಿ (ಉಪ್ಪುನೀರಿನ ತಗ್ಗು ಗದ್ದೆ), ಅದರಾಚೆ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಕಟ್ಟು, ಕಟ್ಟಿನಾಚೆ ಹೊಳೆ. ಕಟ್ಟಿನ ನೀರುಬಾಗಿಲಿನ ಹಲಗೆ ತೆಗೆದಾಗ ಉಪ್ಪುನೀರು ಗಜನಿ ತುಂಬಿ ನಮ್ಮ ತೆಂಗಿನ ಬುಡದವರೆಗೂ ಬರುತ್ತದೆ. ಅದಕ್ಕೇ ಊರವರೆಲ್ಲ, "ನಿಮ್ಮದು ಸಿಆರ್‌ಝಡ್ ಒಳಗೇ ಬಂತು, ಪರ್ಮಿಶನ್ ಆಸೆ ಬಿಡಿ" ಎನ್ನುತ್ತಿದ್ದರು.

2019ರ ಅಧಿಸೂಚನೆಯನ್ನು ಕೂತು ಓದಿದೆ. ಸಮುದ್ರದ ಬದಿಗೆ ಭರತಿ ಗೆರೆಯಿಂದ 500 ಮೀಟರ್ ಸಿಆರ್‌ಝಡ್. ಉಪ್ಪುನೀರು ಏರುವ ಹೊಳೆ, ಹಳ್ಳಗಳ ಬದಿಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಅಂದರೆ ಹಳ್ಳದ ಅಗಲ 12 ಮೀಟರ್ ಇದ್ದರೆ ಪಟ್ಟಿಯೂ 12 ಮೀಟರೇ. ಹಿಂದೆ, 2011ರ ನಿಯಮದಲ್ಲಿ, ಆ 50ರ ಜಾಗದಲ್ಲಿ 100 ಇತ್ತು. ಹಳೇ ಅಂಕಿಯನ್ನೇ ಬಾಯಿಪಾಠ ಮಾಡಿಕೊಂಡವರು ಈಗಲೂ ಬೇಕಾದಷ್ಟು ಜನ ಇದ್ದಾರೆ.

ನಮಗೆ ದೊಡ್ಡ ಅನುಕೂಲ ಆದದ್ದು ಇನ್ನೊಂದು ಸಾಲು. 1991ರ ಫೆಬ್ರವರಿ 19ಕ್ಕಿಂತ ಮೊದಲು ಕಟ್ಟಿದ ಒಡ್ಡು ಅಥವಾ ನೀರುಬಾಗಿಲು ಇದ್ದರೆ ಭರತಿ ಗೆರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕಟ್ಟು ನಾನು ಚಿಕ್ಕವನಿದ್ದಾಗಿನದು. ಕಾರವಾರದಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ. ಅಲ್ಲಿ ನಕ್ಷೆಯ ಮೇಲೆ ನಮ್ಮ ಸರ್ವೆ ನಂಬರು ಹುಡುಕಿಸಿದೆ. ಗೆರೆ ಕಟ್ಟಿನ ಮೇಲೇ ಇತ್ತು. ಮನೆಯೂ ಹಿತ್ತಲಿನ ಬಹುಪಾಲೂ ಪಟ್ಟಿಯ ಹೊರಗೆ. ಅದನ್ನೇ ಬರವಣಿಗೆಯಲ್ಲಿ ಕೇಳಿ ಪಡೆದೆ.

ಪಟ್ಟಿಯೊಳಗೆ ಬಂದವರೂ ಕೈಚೆಲ್ಲಬೇಕಿಲ್ಲ. ಅಭಿವೃದ್ಧಿ ನಿಷೇಧ ವಲಯದಲ್ಲೂ ಪರವಾನಗಿ ಇದ್ದ ಹಳೇ ಮನೆಯ ರಿಪೇರಿ, ಮರುಕಟ್ಟಡಕ್ಕೆ ಅವಕಾಶ ಇದೆ. ಆದರೆ ಹಳೇ ಪಂಚಾಂಗದ (ಅಡಿಪಾಯದ) ಅಳತೆ ಮೀರಬಾರದು. ಮಾಡು ಇಳಿಸುವ ಆಸೆ ಇದ್ದವರಿಗೆ ಪೆಟ್ಟು ಬೀಳುವುದು ಇಲ್ಲೇ. ಆ ವಲಯ ದಾಟಿ, ಉಳಿದ ಸಿಆರ್‌ಝಡ್‌ನಲ್ಲಿ ನಿಯಮ ಒಪ್ಪುವ ಕಡೆ, ಸ್ವಂತ ವಾಸದ ಮನೆ ಒಟ್ಟು 300 ಚದರ ಮೀಟರ್ ಒಳಗಿದ್ದರೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಅದು ಸುಮಾರು 3,200 ಚದರ ಅಡಿ. ನಮ್ಮ ಕಡೆಯ ಮನೆಗೆ ಧಾರಾಳ ಆಯ್ತು, ಅಲ್ವಾ?

ಇಷ್ಟಾದ ಮೇಲೆ ಪ್ಲಾನ್. ಮೇಲೊಂದು ಮಾಳಿಗೆ ಏರಿಸಬೇಕು ಅಂತ ಮಗನ ಹಟ. ಇಂಜಿನಿಯರ್ ಹುಡುಗ ಗೋಡೆಯ ಸಂದಿಗೆ ಬೀಗದಕೈ ತುರುಕಿ ತಿರುಗಿಸಿದ. ಕೆಂಪು ಮಣ್ಣು ಸೊರಸೊರ ಉದುರಿತು. ಚಿರೆಕಲ್ಲು ಗಟ್ಟಿಯೇ, ಕಟ್ಟಿದ್ದು ಮಾತ್ರ ಮಣ್ಣಲ್ಲಿ. ಅದರ ಮೇಲೆ ಸ್ಲ್ಯಾಬಿನ ಭಾರ ಹೇರುವ ಮಾತೇ ಇಲ್ಲ. ಹಿಂದಿನ ಭಾಗ ಬೇರೆಯೇ ಪಿಲ್ಲರಿನ ಮೇಲೆ ನಿಂತಿತು, ನೆಲಮಟ್ಟದಲ್ಲೇ.

ಸೇರಿಸಿ ಕಟ್ಟುವ ಪ್ಲಾನಿನಲ್ಲಿ ಬಣ್ಣ ನೋಡಿಕೊಳ್ಳಬೇಕು. ಹೊಸದು ಕೆಂಪು, ಕೆಡವುವುದು ಹಳದಿ, ಉಳಿಯುವುದು ಬೇರೆಯಾಗಿ ಕಾಣಬೇಕು. ನಮ್ಮ ಹಳೇ ಬಚ್ಚಲಿಗೆ ಹಳದಿ ಬಿತ್ತು. ಬಾವಿಯನ್ನೂ ತೋರಿಸಿ ಅಂದೆ. ಕುಡಿಯುವ ನೀರಿನ ಬಾವಿಗೂ ಕೊಳೆನೀರಿನ ಇಂಗುಗುಂಡಿಗೂ 18 ಮೀಟರ್ ಅಂತರ ಇರಬೇಕು ಎಂಬ ಮಾನಕ ಇದೆ. ಅದನ್ನು ಹಿಡಿದು ಅಳೆದಾಗ ಗುಂಡಿ ಮನೆಯ ಆ ಮೂಲೆಯಿಂದ ಈ ಮೂಲೆಗೆ ಬಂತು. ಅದರ ಹಿಂದೆ ಬಚ್ಚಲೂ ಬಂತು. ಮನೆಯವಳಿಗೆ ಸಿಟ್ಟು, ಬಚ್ಚಲು ದೇವರಕೋಣೆ ಗೋಡೆಗೆ ತಾಗಿತು ಅಂತ. ನಡುವೆ ಒಂದು ಓಣಿ ಬಿಟ್ಟು ರಾಜಿ ಆಯ್ತು.

ಅರ್ಜಿ ಕೊಟ್ಟ ಮೇಲೆ ಪಿಡಿಒ ಮೇಡಂ ಟೇಪು ಹಿಡಿದುಕೊಂಡು ಬಂದರು. "ನಾಯ್ಕರೇ, ಪಾಗಾರದಿಂದ ಎಷ್ಟು ಬಿಟ್ಟಿದ್ದೀರಿ?" ಎಂದು ಕಂಪೌಂಡ್ ಗೋಡೆಯಿಂದ ಅಲ್ಲೇ ಅಳೆದರು. ಗಡಿ ಅಳೆದ ಮೋಜಣಿ (ಸರ್ವೆ) ನಕಾಶೆ ಕೈಯಲ್ಲಿದ್ದುದಕ್ಕೆ ಪಕ್ಕದ ಮನೆಯವರೂ ಸುಮ್ಮನಿದ್ದರು. ನಡುವೆ ಒಬ್ಬ ಮಹಾಶಯ, "ಸುಮ್ನೆ ಯಾಕೆ ಓಡಾಡ್ತೀರಿ, ನನಗೆ ಕೊಡಿ" ಎಂದಿದ್ದ. ಅವನು ಹೇಳಿದ ಮೊತ್ತದಲ್ಲಿ ಬಚ್ಚಲಿಗೆ ಟೈಲ್ಸ್ ಹಾಕಬಹುದಿತ್ತು. ಕೊಡಲಿಲ್ಲ.

ಕಾರ್ಮಿಕ ಕಲ್ಯಾಣದ ಸೆಸ್ ವಿಷಯ ಒಂದು. ಕಟ್ಟಡದ ವೆಚ್ಚದ ಶೇ. 1. ಸ್ವಂತ ವಾಸಕ್ಕೆ ಕಟ್ಟುವಾಗ ವೆಚ್ಚ ಒಂದು ಮಿತಿ ಮೀರದಿದ್ದರೆ ಅದು ಅನ್ವಯಿಸುವುದಿಲ್ಲ; ಆ ಮಿತಿ ಹಳೇ ಕಾಯ್ದೆಯಲ್ಲಿ 10 ಲಕ್ಷ ಇತ್ತು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆಯಲ್ಲಿ 50 ಲಕ್ಷ. ಬ್ಯಾಂಕಿಗೆ ಎಸ್ಟಿಮೇಟ್ ಉಬ್ಬಿಸಿ ಬರೆಸುವವರು ಇದನ್ನು ಮೊದಲೇ ನೋಡಿಕೊಳ್ಳಲಿ.

ಪರವಾನಗಿ ಬಂದ ಮೇಲೆ ಮರಳಿಗೆ ಅಲೆದದ್ದು ಬೇರೆಯೇ ಕತೆ, ಅದಕ್ಕೆ ಇಲ್ಲಿ ಜಾಗ ಸಾಲದು. ಕೆಲಸ ಮುಗಿದ ಕೂಡಲೇ ಹೊಸ ಅಳತೆಯನ್ನು ಇ-ಸ್ವತ್ತಿಗೆ ಸೇರಿಸಲು ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಸೇರಿಸಿದರು. ಮನೆಪಟ್ಟಿಯೂ ಏರಿತು.