ಉಳಿಯ ಬೆನ್ನು ನೋಡಿ ಕೊಳ್ಳಿ: ಯುರೋಪಿನ ಹಳೆಯ ಕೈಹತಾರಗಳನ್ನು ಆರಿಸುವ ಕ್ರಮ

ಹಳೆಯ ಉಳಿಯೊಂದು ಕೈಗೆ ಸಿಕ್ಕಾಗ ಮೊದಲು ಅದನ್ನು ಮಗುಚಿ ಬೆನ್ನು ನೋಡಬೇಕು. ಹೊಸದಾಗಿ ಸಂಗ್ರಹಕ್ಕೆ ತೊಡಗಿದವರಲ್ಲಿ ಹೆಚ್ಚಿನವರು ಹುಡುಕುವುದು ಹೆಸರಿನ ಮುದ್ರೆಯನ್ನು. ಉಕ್ಕಿನ ಹತಾರಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡ್‌ನ ಅಕ್ಷರಗಳು ಕಂಡವೆಂದರೆ ಚೌಕಾಸಿಯನ್ನೂ ಮಾಡದೆ ದುಡ್ಡು ಎಣಿಸಿಬಿಡುತ್ತಾರೆ. ಹತಾರ ಎಲ್ಲಿ ಹುಟ್ಟಿತೆಂಬುದನ್ನು ಮುದ್ರೆ ಹೇಳುತ್ತದೆ, ನಿಜ. ಆದರೆ ಅದು ನೂರು ವರ್ಷ ಯಾರ ಕೈಯಲ್ಲಿ ಹೇಗೆ ಬಾಳಿತು, ಇನ್ನೆಷ್ಟು ವರ್ಷ ಕೆಲಸ ಮಾಡೀತು ಎಂಬುದನ್ನು ಹೇಳುವುದು ಅಲಗು ಮಾತ್ರ. ಇಂಗ್ಲೆಂಡಿನಲ್ಲಿದ್ದ ಕೆಲವು ವರ್ಷಗಳಲ್ಲಿ ಜನ ಹಳೆಯ ಸಾಮಾನುಗಳನ್ನು ಕಾರಿನ ಡಿಕ್ಕಿಯಲ್ಲಿ ತಂದು ಮಾರುವ ಭಾನುವಾರದ ಕಾರ್ ಬೂಟ್ ಸಂತೆಗಳಲ್ಲಿ, ಊರಿಗೆ ಮರಳಿದ ಮೇಲೆ ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದ ಹತಾರಗಳಿಂದ ನಾನು ಕಲಿತದ್ದು ಇದನ್ನೇ. ಇಲ್ಲಿ ಮುಖ್ಯವಾಗಿ ಬಡಗಿಯ ಉಳಿ ಮತ್ತು ಮರದ ಮೈ ಹೆರೆದು ನಯಗೊಳಿಸುವ ಹತ್ತರಿಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ಉಕ್ಕಿನ ಗುಣ ಇವೆರಡರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ.

ಶೆಫೀಲ್ಡಿನ ಹೆಸರಿನ ಹಿಂದಿರುವುದೂ ಉಕ್ಕಿನ ಗುಣವೇ. ಮೊದಲು ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ನಡುವೆ ಹೂತು, ಹಲವು ದಿನಗಳ ಕಾಲ ಕಾಯಿಸಿ ಉಕ್ಕು ಮಾಡುತ್ತಿದ್ದರು. ಅದರಲ್ಲಿ ಇಂಗಾಲವು ಮೇಲ್ಮೈಯಲ್ಲಿ ಹೆಚ್ಚು, ಒಳಗೆ ಕಡಿಮೆ ಸೇರುತ್ತಿದ್ದುದರಿಂದ ಒಂದೇ ಪಟ್ಟಿಯಲ್ಲಿ ಗಡಸೂ ಮೆತ್ತಗೂ ಇರುತ್ತಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ಸ್ಪ್ರಿಂಗಿಗೆ ಒಪ್ಪುವ ಒಂದೇ ಹದದ ಉಕ್ಕು ಬೇಕೆಂದು, ಈ ಪಟ್ಟಿಗಳನ್ನು ಒಡೆದು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ಶೆಫೀಲ್ಡಿನ ಬಳಿ ಸಾಧಿಸಿದ. ಹತಾರಗಳ ಮೇಲೆ ಕಾಣುವ 'ಕಾಸ್ಟ್ ಸ್ಟೀಲ್' ಎಂಬ ಮುದ್ರೆಯ ಅರ್ಥ ಇದು. ಅದನ್ನು ಬೀಡು ಕಬ್ಬಿಣವೆಂದು ತಪ್ಪು ತಿಳಿದು, ಒಳ್ಳೆಯ ಉಳಿಗಳನ್ನು ತೂಕದ ಲೆಕ್ಕದಲ್ಲಿ ಮಾರಿದವರನ್ನು ಕಂಡಿದ್ದೇನೆ. ಮೂಸೆಯ ಉಕ್ಕು ನಮ್ಮ ನೆಲಕ್ಕೆ ಹೊಸದೇನೂ ಆಗಿರಲಿಲ್ಲ: 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ, ಮತ್ತು ಯುರೋಪಿನವರು ಈ ಉಕ್ಕಿಗೆ ಬಳಸಿದ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಎಂಬ ಮಾತಿನಿಂದಲೇ ಬಂತೆಂದು ಬಹಳ ಮಂದಿ ವಿದ್ವಾಂಸರು ಒಪ್ಪುತ್ತಾರೆ.

ಈಗ ಉಳಿಯ ಬೆನ್ನಿಗೆ ಬರೋಣ. ಉಳಿಯ ಬಾಯಿ ಎಂದರೆ ಎರಡು ಮುಖಗಳು ಸೇರುವ ಗೆರೆ: ಒಂದು ಸಾಣೆ ಹಿಡಿದ ಇಳಿಜಾರು ಮುಖ, ಇನ್ನೊಂದು ಚಪ್ಪಟೆಯಾದ ಬೆನ್ನು. ಇಳಿಜಾರು ಮುಖ ಕೆಟ್ಟಿದ್ದರೆ ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು. ಬೆನ್ನಿನಲ್ಲಿ ತುಕ್ಕು ಕೊರೆದ ಗುಳಿಗಳಿದ್ದರೆ ಪ್ರತಿ ಗುಳಿಯೂ ಬಾಯಿಯ ಗೆರೆಯಲ್ಲಿ ಒಂದು ಕಚ್ಚಾಗುತ್ತದೆ. ಸಾಣೆ ಹಿಡಿದು ಒಂದನ್ನು ದಾಟಿದರೆ ಹಿಂದಿನದು ಮುಂದಕ್ಕೆ ಬರುತ್ತದೆ. ಆದ್ದರಿಂದ ಬಾಯಿಯಿಂದ ಹಿಂದಕ್ಕೆ ಒಂದು ಇಂಚಿನಷ್ಟು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಆಮೇಲೆ ಉಗುರಿನಿಂದ ಎಳೆದು ನೋಡಿ. ಕಂದು ಅಥವಾ ಕಪ್ಪು ಕಲೆ ಮಾತ್ರವಾದರೆ ಉಗುರು ಜಾರಿಕೊಂಡು ಹೋಗುತ್ತದೆ, ಗುಳಿಯಾದರೆ ತಡೆಯುತ್ತದೆ. ಹಿಡಿಯ ಹತ್ತಿರ ಎಷ್ಟು ಗುಳಿಗಳಿದ್ದರೂ ಚಿಂತೆಯಿಲ್ಲ. ಬಾಯಿಯ ಹತ್ತಿರ ಆಳವಾದ ಗುಳಿಗಳಿರುವ ಉಳಿಯನ್ನು, ಅದರ ಮೇಲೆ ಯಾರ ಹೆಸರಿದ್ದರೂ, ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಅದೇ ಬೆನ್ನಿನ ಮೇಲೆ ಒಂದು ಉಕ್ಕಿನ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಕೂದಲೆಳೆಯಷ್ಟು ಬೆಳಕು ತೂರಿದರೆ ಬೆನ್ನು ತುಸು ತಗ್ಗಾಗಿದೆ ಎಂದರ್ಥ, ಅದು ಒಳ್ಳೆಯದೇ. ಪಟ್ಟಿಯು ನಡುವಿನ ಉಬ್ಬಿನ ಮೇಲೆ ಕುಳಿತು ತೊಟ್ಟಿಲಿನಂತೆ ಆಚೀಚೆ ತೂಗಿದರೆ, ಆ ಬೆನ್ನನ್ನು ಸಮ ಮಾಡಲು ನಿಮ್ಮ ಹಲವು ಸಂಜೆಗಳು ಹೋಗುತ್ತವೆ. ನನ್ನ ಬಳಿ ಶೆಫೀಲ್ಡಿನ ತಯಾರಕರಾದ ವಾರ್ಡ್ ಅಂಡ್ ಪೇನ್ ಅವರ ಮುದ್ರೆಯ ಒಂದು ಇಂಚಿನ ಉಳಿಯಿದೆ. ಕೊಂಡಾಗ ಅದರ ಮೈಯೆಲ್ಲ ಕಪ್ಪಾಗಿತ್ತು, ಹಿಡಿಯ ತುದಿ ಏಟು ತಿಂದು ಅಣಬೆಯಂತೆ ಅರಳಿತ್ತು. ಬೆನ್ನಿನಲ್ಲಿ ಮಾತ್ರ ಬಾಯಿಯಿಂದ ಎರಡು ಬೆರಳಗಲ ಜಾಗ ಆ ಕಪ್ಪಿನ ಕೆಳಗೂ ಕನ್ನಡಿಯ ಹಾಗೆ ನುಣುಪಾಗಿತ್ತು. ಯಾರೋ ಒಬ್ಬ ಬಡಗಿ ವರ್ಷಗಟ್ಟಲೆ ಅದನ್ನು ಕಲ್ಲಿನ ಮೇಲೆ ಸಮವಾಗಿ ಒತ್ತಿ ಮಸೆದಿದ್ದ. ಹಿಂದಿನವರ ಒಳ್ಳೆಯ ಕೈಯನ್ನು ತೋರಿಸುವ ಇಂಥ ಗುರುತು ಎಲ್ಲ ಮುದ್ರೆಗಳಿಗಿಂತ ನಂಬಿಗಸ್ತವಾದುದೆಂದು ನಾನು ತಿಳಿದಿದ್ದೇನೆ.

ಇಳಿಜಾರು ಮುಖದಲ್ಲಿ ನೋಡಬೇಕಾದದ್ದು ಬೆಸುಗೆಯ ಗೆರೆ. ಒಳ್ಳೆಯ ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಉಳಿಯ ಅಲಗನ್ನೂ ಹತ್ತರಿಯ ಅಲಗನ್ನೂ ಪೂರ್ತಿ ಉಕ್ಕಿನಿಂದ ಮಾಡದೆ, ಮೆತ್ತನೆಯ ಕಬ್ಬಿಣದ ಮೈಗೆ ತೆಳುವಾದ ಗಡಸು ಉಕ್ಕಿನ ಪಟ್ಟಿಯನ್ನು ಕುಲುಮೆಯಲ್ಲಿ ಬಡಿದು ಬೆಸೆಯುತ್ತಿದ್ದರು. ಕಲ್ಲಿನ ಮೇಲೆ ನಾಲ್ಕು ಸಲ ಎಳೆದ ಮೇಲೆ ಮುಖದ ಮೇಲ್ಭಾಗ ಮಂಕು ಬೂದಿಬಣ್ಣದಲ್ಲಿಯೂ ಬಾಯಿಯ ಬಳಿಯ ಪಟ್ಟಿ ಹೊಳಪಾಗಿಯೂ ಕಾಣುತ್ತದೆ. ಆ ಗೆರೆ ಕಂಡರೆ ಸಂತೋಷಪಡಿ: ಮೇಲಿನ ಮೆತ್ತನೆಯ ಕಬ್ಬಿಣ ಏಟನ್ನು ತಾಳಿಕೊಳ್ಳುತ್ತದೆ, ಕೆಳಗಿನ ಉಕ್ಕು ಬಾಯಿಯನ್ನು ಉಳಿಸಿಕೊಳ್ಳುತ್ತದೆ, ಮಸೆಯುವ ಶ್ರಮವೂ ಕಡಿಮೆ. ಮರದ ಹತ್ತರಿಗಳ ಹಳೆಯ ಅಲಗುಗಳಲ್ಲಿ ಈ ಉಕ್ಕಿನ ಪಟ್ಟಿ ಕೊನೆಯವರೆಗೂ ಇರುವುದಿಲ್ಲ; ಬದಿಯಿಂದ ನೋಡಿ, ಅದು ಇನ್ನೆಷ್ಟು ಉಳಿದಿದೆ ಎಂದು ಅಂದಾಜು ಮಾಡಬೇಕು. ಪಟ್ಟಿ ತೀರಿಹೋದ ಅಲಗು ನೋಡಲು ಚೆನ್ನಾಗಿದ್ದರೂ ಬರಿಯ ಕಬ್ಬಿಣ.

ಇನ್ನು ಹದ, ಎಂದರೆ ಉಕ್ಕನ್ನು ಕಾಯಿಸಿ ತಣಿಸಿ ಕೊಟ್ಟ ಗಡಸುತನ. ಕರೆಂಟಿನ ಸಾಣೆಚಕ್ರಕ್ಕೆ ಒತ್ತಿ ಹಿಡಿದ ಹಳೆಯ ಉಕ್ಕು ಕ್ಷಣಮಾತ್ರದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಾಯಿ ನೀಲಿಗೆ ತಿರುಗಿದರೆ ಅಲ್ಲಿನ ಗಡಸು ಇಳಿಯಿತೆಂದೇ ತಿಳಿಯಬೇಕು. ನೀಲಿ ಕಂಡರೆ ಗೊತ್ತಾಗುತ್ತದೆ, ತೊಂದರೆ ಇರುವುದು ಅದನ್ನು ಹೊಳಪು ಕೊಟ್ಟು ಅಳಿಸಿದಾಗ. ನಾನು ಹಾಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಒಂದು ಉಳಿ ಕೊಂಡು, ತೇಗದಲ್ಲಿ ಹತ್ತು ಏಟು ಹಾಕುವಷ್ಟರಲ್ಲಿ ಬಾಯಿ ಮಡಚಿಕೊಂಡದ್ದನ್ನು ನೋಡಿ ಬೇಸರಪಟ್ಟಿದ್ದೆ. ಆಮೇಲೆ ನೀರಿನಲ್ಲಿ ಪದೇ ಪದೇ ಅದ್ದುತ್ತ ಮೂರು ಮಿಲಿಮೀಟರ್ ಹಿಂದಕ್ಕೆ ಮಸೆದಾಗ ಒಳಗಿನ ಉಕ್ಕು ಹದವಾಗಿಯೇ ಇತ್ತು. ಆದ್ದರಿಂದ ಮೊದಲ ಪರೀಕ್ಷೆಯಲ್ಲೇ ಹತಾರವನ್ನು ತಳ್ಳಿಹಾಕಬೇಡಿ. ಮನೆಗೆ ತಂದು ಚೆನ್ನಾಗಿ ಮಸೆದ ಮೇಲೆ, ಪೈನ್‌ನಂತಹ ಮೆತ್ತನೆಯ ಮರದ ಅಡ್ಡಗೊಯ್ದ ತುದಿಯಲ್ಲಿ ತೆಳ್ಳಗೆ ಕೆತ್ತಿ ನೋಡಿ. ನಾರುಗಳು ಜಜ್ಜಿ ಬಿಳಿಚಿಕೊಳ್ಳದೆ ಮಿರುಗುವ ಮೈ ಬಂದರೆ ಬಾಯಿ ಹರಿತವಾಗಿದೆ. ನಂತರ ಗಟ್ಟಿ ಮರದಲ್ಲಿ ಇಪ್ಪತ್ತು ಏಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಬಾಯಿ ಮಡಚಿದ್ದರೆ ಉಕ್ಕು ಮೆತ್ತಗಿದೆ, ಚಕ್ಕೆ ಎದ್ದಿದ್ದರೆ ಗಡಸು ಹೆಚ್ಚಾಗಿದೆ ಅಥವಾ ನೀವು ಕೊಟ್ಟ ಕೋನ ತೀರ ತೆಳುವಾಗಿದೆ. ಎರಡು ಸಲ ಹಿಂದಕ್ಕೆ ಮಸೆದ ಮೇಲೂ ಅದೇ ದೋಷ ಕಂಡರೆ ಮಾತ್ರ ಉಕ್ಕನ್ನು ದೂರಬೇಕು.

ಮುದ್ರೆಗಳ ಸರದಿ ಇದಾದ ಮೇಲೆ. ಒಬ್ಬೊಬ್ಬ ತಯಾರಕರಿಗೆ ಒಂದೊಂದು ಗುರುತಿತ್ತು: ಶೆಫೀಲ್ಡಿನ ಮಾರ್ಪಲ್ಸ್ ಅವರದು ಮೂರೆಲೆಯ ಶ್ಯಾಮ್‌ರಾಕ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾದ ಇ. ಎ. ಬರ್ಗ್ ಅವರದು ಶಾರ್ಕ್ ಮೀನು, ಜರ್ಮನಿಯ ರೆಮ್‌ಶೈಡ್‌ನ ಕಿರ್ಶನ್ ಉಳಿಗಳದು ಜೋಡಿ ಚೆರ್ರಿ ಹಣ್ಣು. ಕಾರಿನ ಮೇಲೆ ನಾವು ಕಾಣುವ ಪೇಜೋ ಸಿಂಹವು ಮೊದಲು ಆ ಫ್ರೆಂಚ್ ಮನೆತನ ತಯಾರಿಸುತ್ತಿದ್ದ ಗರಗಸ ಮತ್ತು ಉಕ್ಕಿನ ಸಾಮಾನುಗಳ ಗುರುತಾಗಿ 1858ರಲ್ಲಿ ನೋಂದಣಿಯಾಯಿತು. ಬರ್ಗ್ ಉಳಿಗಳ ಬಗ್ಗೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಷ್ಟು ನಯವಾದ ಬಾಯಿ ಹಿಡಿಯುವ ಉಕ್ಕನ್ನು ನಾನು ಬೇರೆ ಕಂಡಿಲ್ಲ.

ಕಾಲವನ್ನು ಅಂದಾಜು ಮಾಡಲು ದೇಶದ ಹೆಸರು ನೆರವಾಗುತ್ತದೆ. ಆಮದಾಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಸುಂಕದ ಕಾನೂನು ವಿಧಿಸಿದ ಮೇಲೆ 'ಇಂಗ್ಲೆಂಡ್' ಎಂದು ಒತ್ತುವ ರೂಢಿ ಹಬ್ಬಿತು. 'ಶೆಫೀಲ್ಡ್' ಎಂದಷ್ಟೇ ಇದ್ದರೆ ಅದಕ್ಕಿಂತ ಹಳೆಯದಿರಬಹುದು, ಆದರೆ ತಮ್ಮ ದೇಶದೊಳಗೇ ಮಾರಿದ ಹತಾರಗಳಿಗೆ ಆ ನಿಯಮ ಅನ್ವಯಿಸದ ಕಾರಣ ಇದೊಂದನ್ನೇ ಸಾಕ್ಷಿಯಾಗಿ ಹಿಡಿಯಲಾಗದು. 'ಪಶ್ಚಿಮ ಜರ್ಮನಿ' ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಅದು 1949 ಮತ್ತು 1990ರ ನಡುವಿನದು. ಮರದ ಹತ್ತರಿಗಳಲ್ಲಿ ಇನ್ನೊಂದು ಗೊಂದಲವಿದೆ: ಬ್ರಿಟನ್ನಿನ ಬಡಗಿಗಳು ತಮ್ಮ ಹತಾರದ ಮೇಲೆ ತಮ್ಮ ಹೆಸರನ್ನೂ ಒತ್ತುತ್ತಿದ್ದುದರಿಂದ ಒಂದೇ ಹತ್ತರಿಯ ಮೇಲೆ ಮೂರು ನಾಲ್ಕು ಹೆಸರುಗಳಿರುವುದುಂಟು. ಸಾಮಾನ್ಯವಾಗಿ ಮುಂತುದಿಯ ನಡುವೆ, ಊರಿನ ಹೆಸರಿನ ಜೊತೆ ಇರುವುದು ತಯಾರಕರದು. ಅಲ್ಲಲ್ಲಿ ಮತ್ತೆ ಮತ್ತೆ ಬಡಿದಿರುವುದು ಮಾಲೀಕರದು.

ಕಬ್ಬಿಣದ ಹತ್ತರಿಗಳಲ್ಲಿ ಹೆಚ್ಚಾಗಿ ಸಿಗುವುದು ಶೆಫೀಲ್ಡಿನಲ್ಲಿ 1930ರ ದಶಕದಿಂದ ತಯಾರಾದ ರೆಕಾರ್ಡ್ ಮತ್ತು ಸ್ಟ್ಯಾನ್ಲಿ. ಇವುಗಳ ಮೈ ಬೀಡಿನದು, ಕೈಜಾರಿ ಬಿದ್ದರೆ ಸೀಳುತ್ತದೆ. ಅಲಗು ಹೊರಬರುವ ಕಂಡಿಯ ಎರಡು ಮೂಲೆಗಳಿಂದ ಬದಿಯ ಗೋಡೆಯವರೆಗೆ ಕೂದಲಿನಂಥ ಬಿರುಕು ಇದೆಯೇ ಎಂದು, ಅಲಗನ್ನು ಹೊರತೆಗೆದು ಒಳಗಿನಿಂದಲೂ ನೋಡಬೇಕು. ಹೊಸದಾಗಿ ಬಣ್ಣ ಬಳಿದ ಹತ್ತರಿಯೊಂದನ್ನು ಒಮ್ಮೆ ಅಂಚೆಯಲ್ಲಿ ತರಿಸಿದ್ದೆ. ಸೀಮೆಎಣ್ಣೆಯಲ್ಲಿ ನೆನೆಸಿ ಬಣ್ಣ ಕೆರೆದಾಗ ಅದರ ಕೆಳಗೆ ಬದಿಯುದ್ದಕ್ಕೂ ಹರಿದ ಬಿರುಕು ಕಂಡಿತು. ಅಂದಿನಿಂದ ಹೊಸ ಬಣ್ಣದ ಹಳೆಯ ಹತ್ತರಿಯನ್ನು ನಾನು ಕೊಳ್ಳುವುದಿಲ್ಲ. ದೂರದಿಂದ ಕೊಳ್ಳುವವರು ಕಂಡಿಯ ಸುತ್ತಿನ ಭಾಗ, ಅಲಗಿನ ಬೆನ್ನು ಮತ್ತು ಎರಡೂ ಬದಿಗಳ ಚಿತ್ರಗಳನ್ನು ಕೇಳಿ ಪಡೆಯಬೇಕು, ಕೊಡಲು ಒಪ್ಪದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಬೇಕು. ಸ್ಕಾಟ್ಲೆಂಡಿನ ಏರ್ ಪಟ್ಟಣದ ಸ್ಪಿಯರ್ಸ್, ಲಂಡನ್ನಿನ ನಾರಿಸ್ ಅವರ, ಲೋಹದ ಚೌಕಟ್ಟಿನೊಳಗೆ ಮರ ತುಂಬಿದ ಹತ್ತರಿಗಳು ಬೇರೆಯೇ ದರ್ಜೆಯವು, ಬೆಲೆಯೂ ಹಾಗೆಯೇ. ಅವುಗಳನ್ನು ಮೊದಲ ವರ್ಷದಲ್ಲಿ ಕೊಳ್ಳದಿರುವುದು ಲೇಸು, ಏಕೆಂದರೆ ಎರಕದ ಮೈ ಮಾತ್ರ ಕೊಂಡು ಮನೆಯಲ್ಲೇ ಮರ ಕೂಡಿಸಿಕೊಂಡವೂ ಅವುಗಳ ನಡುವೆ ಬೆರೆತಿವೆ.

ಗರಗಸಕ್ಕೆ ಎರಡು ಮಾತು ಸಾಕು. ಹಲ್ಲಿನ ಸಾಲನ್ನು ಕಣ್ಣಿಗೆ ನೇರ ಹಿಡಿದು ನೋಡಿದಾಗ ಇಡೀ ಅಲಗು ಬಿಲ್ಲಿನಂತೆ ಬಾಗಿದ್ದರೆ ತಿದ್ದಬಹುದು, ಒಂದೇ ಕಡೆ ಮುರಿದಂತೆ ಸೊಟ್ಟಗಾಗಿದ್ದರೆ ಬಿಡಿ. ಹಿಡಿಯ ಹಿತ್ತಾಳೆ ಬಿಲ್ಲೆಯ ಮೇಲಿನ 'ವಾರಂಟೆಡ್ ಸುಪೀರಿಯರ್' ಎಂಬುದು ಯಾವ ಒಬ್ಬ ತಯಾರಕರ ಹೆಸರೂ ಅಲ್ಲ, ಹಲವರು ಬಳಸಿದ ಸಾಮಾನ್ಯ ಬಿಲ್ಲೆ.

ತಂದದ್ದನ್ನು ಶುಚಿ ಮಾಡುವಾಗ ಆತುರ ಸಲ್ಲದು. ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ, ಉಳಿದ ತುಕ್ಕಿಗೆ ನಯವಾದ ಮರಳು ಕಾಗದವನ್ನು ಮರದ ತುಂಡಿಗೆ ಸುತ್ತಿ ಬಳಸಿ. ಮುದ್ರೆಯಿರುವ ಜಾಗವನ್ನು ಮುಟ್ಟಬೇಡಿ. ಸಿಟ್ರಿಕ್ ಆಮ್ಲದ ತೆಳು ದ್ರಾವಣ ತುಕ್ಕನ್ನು ಬೇಗ ಬಿಡಿಸುತ್ತದೆ, ಆದರೆ ರಾತ್ರಿಯಿಡೀ ಅದರಲ್ಲಿ ಬಿಟ್ಟರೆ ಉಕ್ಕನ್ನೂ ತಿನ್ನುತ್ತದೆ. ಗಂಟೆಗೊಮ್ಮೆ ತೆಗೆದು ನೋಡಿ, ಕೊನೆಗೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಸವರಬೇಕು. ಹಿಡಿಯ ಮರವನ್ನು ಕೆರೆದು ಹೊಸದರಂತೆ ಮಾಡುವುದು ದೊಡ್ಡ ನಷ್ಟ: ಬಾಕ್ಸ್‌ವುಡ್, ಬೀಚ್ ಮರಗಳಿಗೆ ಕೈಬೆವರಿನಿಂದ ಬಂದ ಬಣ್ಣ ಮತ್ತೆ ಬರಲು ಒಂದು ಆಯುಷ್ಯವೇ ಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿದರೆ ಸಾಕು. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ.

ಕರಾವಳಿ, ಮಲೆನಾಡುಗಳಲ್ಲಿರುವವರು ಚರ್ಮದ ಚೀಲದಲ್ಲಿ ಉಳಿಗಳನ್ನು ಸುತ್ತಿಡಬಾರದು, ಚರ್ಮ ತೇವ ಹೀರಿ ಅಲಗಿಗೆ ಮುತ್ತಿಕೊಂಡಿರುತ್ತದೆ. ಮುಚ್ಚಳ ಬಿಗಿಯಾದ ಮರದ ಪೆಟ್ಟಿಗೆಯಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟು, ಮೇ ಕೊನೆಯಲ್ಲಿ ಮೊದಲ ಮಳೆಗೆ ಮುಂಚೆ ಒಂದು ಸಲ, ಆಮೇಲೆ ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಸವರುತ್ತೇನೆ. ಪ್ರತಿ ಹಿಡಿಗೂ ಒಂದು ಚೀಟಿ ಕಟ್ಟಿ, ಎಲ್ಲಿ, ಯಾವಾಗ ಕೊಂಡದ್ದು, ಬಂದಾಗ ಬೆನ್ನು ಹೇಗಿತ್ತು, ಎಷ್ಟು ಮಿಲಿಮೀಟರ್ ಮಸೆಯಬೇಕಾಯಿತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ, ಏಕೆಂದರೆ ಎಣ್ಣೆ ತಾಗಿದರೆ ಪೆನ್ನಿನ ಶಾಯಿ ಹರಡಿಬಿಡುತ್ತದೆ.